ಹಿಮಗಿರಿಯಲ್ಲಿ ವಸಂತದ ಬೇಟೆ

ಅರಿಯದ ಮಲೆಗೆ ಬೇಟೆಗೆ ಹೊರಡುವವನು ಮೊದಲು ಆ ಮಲೆಯ ನಡೆಯನ್ನು ಅರಿಯಬೇಕು. ಅಲಾಸ್ಕದ ಕೋಡಿಯಾಕ್ ದ್ವೀಪದಲ್ಲಿ ಕಂದುಕರಡಿಯ ವಸಂತಬೇಟೆಗೆ ಏಪ್ರಿಲ್ 1ರಿಂದ ಮೇ 15ರವರೆಗೆ ಅವಧಿಯುಂಟು. ಅಲ್ಲಿ ಹತ್ತಿರದ ಬಂಧುಗಳಿಲ್ಲದ ಪರಸ್ಥಳದವನು ಪರವಾನಗಿಯುಳ್ಳ ಮಾರ್ಗದರ್ಶಕನಿಲ್ಲದೆ ಬೇಟೆಯಾಡುವುದನ್ನು ಕಾಯಿದೆಯೇ ಒಪ್ಪದು.

ಗುಹೆಗಳಿಂದ ಮೊದಲು ಹೊರಬರುವುವು ಗಂಡುಗಳು. ಎಳೆಮರಿಗಳ ತಾಯಿ ಎಲ್ಲಕ್ಕೂ ಕಡೆಗೆ. ತೆಂಕಣಕ್ಕೆ ಮೊಗಮಾಡಿದ ಇಳಿಜಾರುಗಳಲ್ಲಿ ಹಿಮವು ಬೇಗ ಕರಗಿ ಎಳೆಹುಲ್ಲು ಚಿಗುರುವುದರಿಂದ, ದುರ್ಬೀನು ಹಿಡಿದು ನೋಡಬೇಕಾದುದು ಅಲ್ಲಿಯೇ. ಬಿಸಿಲೇರಿದ ಮೇಲೆ ನೆನೆದ ಹಿಮವು ಜರಿದು ಬೀಳುವ ಭಯವುಂಟು. ಕಡಿದಾದ ಎಡೆಗಳನ್ನು ಮುಂಜಾನೆಯ ಗಟ್ಟಿಹಿಮದ ಮೇಲೆ ದಾಟುವುದು ಲೇಸು.

ಇವೆಲ್ಲಕ್ಕೂ ಮಿಗಿಲಾದ ಸಿದ್ಧತೆಯೊಂದುಂಟು. ಒಂಟಿಯೆಂದು ತೋರಿದ ಕರಡಿಯ ಹಿಂದೆ, ಬಂಡೆಯ ಮರೆಯಲ್ಲಿ, ಮರಿಯಿರಬಹುದು. ಮರಿಯೊಡನಿರುವ ತಾಯಿಯನ್ನು ಹೊಡೆಯುವುದು ನಿಷಿದ್ಧ. ಆದುದರಿಂದ ಕಾದು ನೋಡುವುದಕ್ಕೆ ಸಾಕಷ್ಟು ದಿನಗಳನ್ನು ಎತ್ತಿಟ್ಟು, ಬರಿಗೈಯಲ್ಲಿ ಮರಳುವುದಕ್ಕೂ ಮನಸ್ಸನ್ನು ಅಣಿಗೊಳಿಸದೆ ಹೊರಟವನ ಯೋಜನೆಯು ಅಪೂರ್ಣವೇ ಸರಿ.