ಎತ್ತರದ ಸೀಟಿನಿಂದ ಇಳಿದ ಮೇಲೆ

ಸೈಕಲ್ ತುಳಿಯುವುದೇ ನಿಂತುಹೋದೀತು ಎಂಬ ಭಯಕ್ಕಿಂತ, ವಿಚಿತ್ರವಾದ ಸೈಕಲ್ಲೊಂದರ ಮೇಲೆ ಊರವರ ಕಣ್ಣಿಗೆ ಬೀಳಬೇಕಲ್ಲ ಎಂಬ ಸಂಕೋಚವೇ ನನ್ನನ್ನು ಹೆಚ್ಚು ಕಾಡಿತು. ಮೈಯ ನೋವನ್ನು ಯಾರ ಮುಂದಾದರೂ ಹೇಳಿಕೊಳ್ಳಬಹುದು. ಈ ಸಂಕೋಚವನ್ನು ಮನೆಯವರ ಮುಂದೆಯೂ ಹೇಳಿಕೊಂಡಿರಲಿಲ್ಲ.

ಕೆರೆಬಿಳಚಿಯಲ್ಲಿ ಬೆಳೆದವನಿಗೆ ಸೈಕಲ್ ಅಂದರೆ ಸೂಳೆಕೆರೆ. ದಾಖಲೆಗಳಲ್ಲಿ ಅದು ಶಾಂತಿಸಾಗರ. ನಮ್ಮ ಬಾಯಲ್ಲಿ ಸೂಳೆಕೆರೆಯೇ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಏರಿಯ ಮೇಲೆ, ಸಿದ್ಧನ ತೂಬು, ಬಸವನ ತೂಬುಗಳನ್ನು ದಾಟಿ, ನೀರಿನ ಕಡೆಯಿಂದ ಬೀಸುವ ಗಾಳಿಗೆ ಮೈಯೊಡ್ಡಿ ತುಳಿಯುವುದು ನನಗೆ ದಿನದ ಪೂಜೆಯಂತಿತ್ತು. ಆ ಎತ್ತರದ ಸೀಟಿನಲ್ಲಿ ಬೇಲಿಯಾಚೆಯ ಅಡಿಕೆ ತೋಟ ಕಾಣುತ್ತದೆ. ಎದುರಿಗೆ ಬಂದವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸಬಹುದು.

ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ರಾಗಿ, ಮೆಕ್ಕೆಜೋಳ ರಸ್ತೆಯ ಮೇಲೇ ಒಣಗುತ್ತವೆ. ರಾಶಿಯ ಮೇಲೆ ಗಾಡಿ ಹತ್ತದಿರಲೆಂದು ಸುತ್ತ ಕಲ್ಲಿಡುತ್ತಾರೆ. ಕಾಳು ಮನೆ ಸೇರಿದರೂ ಕಲ್ಲು ಅಲ್ಲೇ ಉಳಿದಿರುತ್ತದೆ. ಮುಸ್ಸಂಜೆಯಲ್ಲಿ ಅಂಥದೊಂದಕ್ಕೆ ಮುಂದಿನ ಚಕ್ರ ಬಡಿದು, ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ಹೆಗಲ ಮೂಳೆ ಕೂಡಿಕೊಂಡಿತು. ಕುತ್ತಿಗೆಯ ನೋವು, ಬಲಗೈಯ ಕೊನೆಯ ಎರಡು ಬೆರಳುಗಳ ಜೋಮು ಮಾತ್ರ ಹೋಗಲಿಲ್ಲ. ಮಾಮೂಲಿ ಸೈಕಲ್ಲಿನಲ್ಲಿ ಮೈ ಮುಂದಕ್ಕೆ ಬಾಗುತ್ತದೆ, ಭಾರದ ಒಂದು ಪಾಲು ಅಂಗೈಗೆ ಬೀಳುತ್ತದೆ, ದಾರಿ ನೋಡಲು ಕುತ್ತಿಗೆಯನ್ನು ಮೇಲಕ್ಕೆತ್ತಿಯೇ ಇರಬೇಕು. ನನಗೆ ಈ ಮೂರೂ ಕೂಡದು ಎಂದರು ಡಾಕ್ಟರು. ಒರಗಿ ಕೂತು ತುಳಿಯುವುದಾದರೆ ಅಡ್ಡಿಯಿಲ್ಲ ಎಂದೂ ಹೇಳಿದರು.

ಒರಗಿ ಕೂತು ತುಳಿಯುವ ಸೈಕಲ್ಲಿಗೆ ರಿಕಂಬೆಂಟ್ ಎನ್ನುತ್ತಾರೆ. ಬೆನ್ನಿಗೆ ಆಸರೆಯಿರುವ ಅಗಲದ ಸೀಟು, ಪೆಡಲ್ಲು ಮುಂದೆ, ಕಾಲು ಚಾಚಿ ತುಳಿಯಬೇಕು. ಭಾರವೆಲ್ಲ ಬೆನ್ನು, ಸೊಂಟಕ್ಕೆ ಹಂಚಿಹೋಗುತ್ತದೆ. ಕೈಗೆ ಹ್ಯಾಂಡಲ್ ತಿರುಗಿಸುವ ಕೆಲಸವಷ್ಟೇ. ಇಂಥದ್ದು ನಮ್ಮ ಸುತ್ತಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯವರಿಗೆ ಚಿತ್ರ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಆಗ್ತದೆ ಸಾರ್, ಎರಡು ಹಳೇ ಸೈಕಲ್ ತನ್ನಿ" ಅಂದರು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಡತೊಡಗಿದ ಸೈಕಲ್ಲುಗಳಲ್ಲಿ ಒಂದು ಗುಜರಿಯಲ್ಲಿ ಸಿಕ್ಕಿತು, ಹಿಂಬದಿ ಅದರದ್ದು. ಮುಂದೆ ಚಿಕ್ಕ ಹುಡುಗರ ಸೈಕಲ್ಲಿನ 20 ಇಂಚಿನ ಚಕ್ರ. ಪೆಡಲ್ಲು ಅಷ್ಟು ದೂರ ಹೋದದ್ದರಿಂದ ಒಂದು ಚೈನು ಸಾಲದೆ ಚೈನಿಗೆ ಚೈನು ಜೋಡಿಸಿ, ಅದು ಜೋತುಬೀಳದಂತೆ ನಡುವೆ ಒಂದು ಪುಟ್ಟ ಗಾಲಿ ಕೂರಿಸಿದರು. ಸೀಟಿನ ಕಬ್ಬಿಣದ ಚೌಕಟ್ಟಿಗೆ, ಕುರ್ಚಿಗೆ ಹೆಣೆಯುವ ನೈಲಾನ್ ವೈರನ್ನೇ ಹೆಣೆಸಿದೆವು. ಅವರ ಕೈಕೆಲಸಕ್ಕೆ ನಾನು ಋಣಿ.

ಸೈಕಲ್ ಸಿದ್ಧವಾಯಿತು, ನಾನು ಸಿದ್ಧನಿರಲಿಲ್ಲ. ಮೊದಲ ಸಲ ಬೀದಿಗೆ ತಂದಾಗ ಕಟ್ಟೆಯ ಮೇಲಿದ್ದ ಅಜ್ಜಿಯೊಬ್ಬರು, "ಏನಾತಪ್ಪಾ ನಿನ್ ಕಾಲಿಗೆ?" ಎಂದು ಕೇಳಿದರು. ಅವರ ದನಿಯಲ್ಲಿದ್ದುದು ಬರೀ ಅಕ್ಕರೆ. ನನಗೋ ಮುಖಕ್ಕೆ ಹೊಡೆದಂತಾಯಿತು. ಏನೂ ಆಗಿಲ್ಲ, ನನ್ನ ಕಾಲು ಗಟ್ಟಿಯಾಗಿವೆ ಎಂದು ಕೂಗಿ ಹೇಳಬೇಕೆನಿಸಿತು. ಆ ರಾತ್ರಿ ಯೋಚಿಸಿದೆ: ಆ ಮಾತು ಅಷ್ಟು ಚುಚ್ಚಿದ್ದೇಕೆ? ಸಂತೆಯ ದಿನ ಕೈಯಿಂದ ಪೆಡಲ್ ತಿರುಗಿಸುತ್ತ ಮೂರು ಚಕ್ರದ ಸೈಕಲ್ಲಿನಲ್ಲಿ ಬರುವವರನ್ನು ಇಷ್ಟು ವರ್ಷ ನಾನು ನೋಡುತ್ತ ಬಂದ ಬಗೆ ಅದೇ ಆಗಿತ್ತು. ಅಂಥ ಸೈಕಲ್ಲುಗಳನ್ನು 1972ರಲ್ಲಿ ಕಾನ್ಪುರದಲ್ಲಿ ಶುರುವಾದ ಅಲಿಮ್ಕೋ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ತಯಾರಿಸುತ್ತದೆ. ಅವುಗಳ ಮೇಲೆ ಬಂದವರಿಗೆ ಕನಿಕರ ತೋರಿಸಿದ್ದೇನೆ, ದಾರಿ ಬಿಟ್ಟಿದ್ದೇನೆ. ಸೈಕಲ್ ತುಳಿಯುವವರ ಲೆಕ್ಕಕ್ಕೆ ಅವರನ್ನು ಎಂದೂ ಸೇರಿಸಿರಲಿಲ್ಲ. ತೋಳಿನ ಬಲದಿಂದಲೇ ಏರು ಹತ್ತಿಸುವವರ ದಮ್ಮು ನನ್ನ ದಮ್ಮಿಗಿಂತ ದೊಡ್ಡದು ಎಂಬುದು ಕಣ್ಣೆದುರಿಗಿದ್ದರೂ ಕಂಡಿರಲಿಲ್ಲ.

ಸೈಕಲ್ ಅಂದರೆ ಹೀಗೇ ಇರಬೇಕೆಂಬ ಹಟ ದೊಡ್ಡ ದೊಡ್ಡವರಿಗೂ ಇತ್ತು. ಫ್ರಾನ್ಸಿನ ಶಾರ್ಲ್ ಮೋಶೆ ಇಂಥದೇ ಒರಗು ಸೈಕಲ್ ಕಟ್ಟಿದ್ದ. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಅದರ ಮೇಲೆ ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ತುಳಿದು, 1914ರಿಂದ ಯಾರೂ ಮುರಿಯದಿದ್ದ ದಾಖಲೆ ಮುರಿದ. ಆತ ಮೊದಲ ಸಾಲಿನ ಸವಾರನೇನಲ್ಲ. ಮೈ ತಗ್ಗಿದ್ದರಿಂದ ಗಾಳಿಯ ತಡೆ ಕಡಿಮೆಯಾಗಿತ್ತು. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಯಮ ಬದಲಿಸಿ ಈ ಬಗೆಯ ಸೈಕಲ್ಲನ್ನು ಪಂದ್ಯಗಳಿಂದ ಹೊರಗಿಟ್ಟಿತು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಹಾಗೆನ್ನುವಾಗ, ನನ್ನ ಮನಸ್ಸಿನೊಳಗೂ ಅಂಥದೊಂದು ಒಕ್ಕೂಟ ಕೂತಿತ್ತೆಂಬುದನ್ನು ಮರೆಯುವಂತಿಲ್ಲ.

ಈಗ ಮತ್ತೆ ಏರಿಯ ಮೇಲೆ ಹೋಗುತ್ತೇನೆ. ಕೈ ಜೋಮು ಹಿಡಿಯುವುದಿಲ್ಲ. ಗುಡ್ಡದ ಬದಿಯ ಏರಿನಲ್ಲಿ ಮಾತ್ರ ಕಷ್ಟ, ಎದ್ದು ನಿಂತು ತುಳಿಯಲಾಗುವುದಿಲ್ಲವಲ್ಲ. ಲಾರಿಯವರಿಗೆ ಕಾಣಲೆಂದು ಸೀಟಿನ ಹಿಂದೆ ಉದ್ದನೆಯ ಕೋಲಿಗೆ ಕೇಸರಿ ಬಾವುಟ ಕಟ್ಟಿದ್ದೇನೆ. ಮೂರು ಚಕ್ರದವರು ಎದುರಾದರೆ ನಿಂತು, ಚೈನು, ಬೇರಿಂಗು, ಗ್ರೀಸಿನ ಮಾತಾಡುತ್ತೇವೆ.

ಆ ಮಾತುಗಳಲ್ಲಿ ಪ್ರತಿ ಸಲವೂ ಬರುವುದು ಕಲ್ಲಿನ ವಿಷಯ. ಕೆಳಗೆ ಕೂತವರಿಗೆ ಗುಂಡಿಯಾಗಲಿ ಕಲ್ಲಾಗಲಿ ಬಂದಾಗ ಸೀಟಿನಿಂದ ಮೈ ಎತ್ತಿಕೊಳ್ಳಲು ಆಗುವುದಿಲ್ಲ. ಪೆಟ್ಟು ನೇರ ಬೆನ್ನುಮೂಳೆಗೆ. ಒಣಗಿಸಲು ಅಂಗಳ ಸಾಲದ ರೈತರ ಕಷ್ಟ ನನಗೆ ಗೊತ್ತು, ರಸ್ತೆಯಲ್ಲಿ ಒಣಗಿಸಬೇಡಿ ಎನ್ನುವ ಬಾಯಿ ನನಗಿಲ್ಲ. ಈ ಸುಗ್ಗಿಯಲ್ಲಿ ರಾಶಿ ಎತ್ತಿದ ಮೇಲೆ, ಕತ್ತಲಾಗುವ ಮೊದಲು, ಆ ಕಲ್ಲುಗಳನ್ನೂ ದಯವಿಟ್ಟು ರಸ್ತೆಯ ಬದಿಗೆ ಸರಿಸಿಬಿಡಿ.