ಅಂಗೈಯ ಯಂತ್ರವೂ ಅದನ್ನು ಜೋಡಿಸಿದ ಕೈಯೂ



ಕಾಯಕವನ್ನು ಕುರಿತು ನಾವು ಮಾತನಾಡದ ವೇದಿಕೆಯಿಲ್ಲ. ಮಠದ ಪ್ರಸಾದನಿಲಯದಲ್ಲಿದ್ದು ಪಾಠಶಾಲೆಯಲ್ಲಿ ಓದಿದ ನಾವು, ಅಲ್ಲಿಂದ ಹೊರಬಂದ ಮೇಲೆ ಜಾತ್ರೆಗಳಲ್ಲಿ, ಶಿವಾನುಭವ ಗೋಷ್ಠಿಗಳಲ್ಲಿ, ಶ್ರಾವಣಮಾಸದ ಪ್ರವಚನಗಳಲ್ಲಿ ಈ ಒಂದು ಪದವನ್ನು ಬಿಡಿಸಿ ಬಿಡಿಸಿ ಹೇಳುತ್ತ ನಲವತ್ತು ವರ್ಷಗಳನ್ನು ಕಳೆದಿದ್ದೇವೆ. ಆದರೆ ನಮ್ಮ ಮನೆಯ ಹುಡುಗನೇ ಮಾಡುವ ಕಾಯಕ ಎಂಥದು, ಅದಕ್ಕೆ ದೊರೆಯುವ ಪ್ರತಿಫಲವೆಷ್ಟು ಎಂದು ಒಂದು ದಿನವೂ ಕೇಳಿರಲಿಲ್ಲ. ಹಾಗೆ ಕೇಳುವ ಸಂದರ್ಭ ಒದಗಿದ್ದು ಒಂದು ಮೊಬೈಲ್ ಫೋನಿನ ನೆಪದಿಂದ. ಆ ಸಂಗತಿಯನ್ನು ಓದುಗರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಊರು ಕವಿತಾಳ. ಮೊದಲು ಮಾನ್ವಿ ತಾಲೂಕಿಗೆ ಸೇರಿದ್ದು, ಈಗ ಸಿರವಾರ ತಾಲೂಕಿಗೆ ಬಂದಿದೆ. ಮಳೆ ಕೈಕೊಟ್ಟ ವರ್ಷ, ಕಾಲುವೆಯ ಕೊನೆಭಾಗದ ಹೊಲಗಳಿಗೆ ನೀರು ತಲುಪದ ವರ್ಷ, ಈ ಭಾಗದ ಜನರು ಬೆಂಗಳೂರಿಗೆ ಗುಳೆ ಹೋಗುವುದು ಹೊಸದೇನಲ್ಲ. ಹಿಂದೆ ಹೋದವರು ಕಟ್ಟಡಗಳಿಗೆ ಕಲ್ಲು, ಮಣ್ಣು ಹೊತ್ತರು. ಈಗ ಐಟಿಐ, ಡಿಪ್ಲೊಮಾ ಓದಿದ ಮಕ್ಕಳು ಕಾರ್ಖಾನೆಗಳಿಗೆ ಹೋಗುತ್ತಿದ್ದಾರೆ. ನಮ್ಮ ತಮ್ಮನ ಮೊಮ್ಮಗನೂ ಎರಡು ವರ್ಷಗಳ ಹಿಂದೆ ಹಾಗೆಯೇ ಬೆಂಗಳೂರಿನ ಆಚೆಯ ಒಂದು ಕಾರ್ಖಾನೆ ಸೇರಿದ. ಮೊಬೈಲ್ ಫೋನುಗಳ ಬಿಡಿಭಾಗಗಳನ್ನು ಜೋಡಿಸುವ ಕೆಲಸ. ಆ ಕಾರ್ಖಾನೆಯ ಹೆಸರು ಇಲ್ಲಿ ಬೇಡ.

ಕಳೆದ ದೀಪಾವಳಿಗೆ ಅವನು ಊರಿಗೆ ಬಂದಿದ್ದ. ಹಬ್ಬದ ಮರುದಿನ ಸಂಜೆ ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದಾಗ ರಾಯಚೂರಿನಲ್ಲಿ ಪದವಿ ಓದುತ್ತಿರುವ ಅವನ ತಂಗಿ ತನಗೊಂದು ಐಫೋನ್ ಬೇಕೆಂದು ಹಟ ಹಿಡಿದಳು. 2025ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 17, ಬೆಲೆ 82,900 ರೂಪಾಯಿ. ಗೆಳತಿಯೊಬ್ಬಳ ಬಳಿ ಅದನ್ನು ನೋಡಿ ಬಂದಿದ್ದಳು. ಮಕ್ಕಳ ತಾಯಿ ನಮ್ಮ ಕಡೆ ತಿರುಗಿ, “ಮಾವಾರ, ನೀವ ಬುದ್ಧಿ ಹೇಳ್ರಿ” ಎಂದರು.

ಬುದ್ಧಿ ಹೇಳುವುದಕ್ಕೆ ನಾವು ಸಿದ್ಧರಾಗಿಯೇ ಇದ್ದೆವು. ಕರಸ್ಥಲವೆಂಬುದು ನಮಗೆ ಎಷ್ಟು ದೊಡ್ಡ ಮಾತು! ಬೆಳಗಿನ ಪೂಜೆಗೆ ಮೀಸಲಾಗಿದ್ದ ಅಂಗೈ ಇಂದು ಹಾಸಿಗೆಯಿಂದೇಳುವ ಮುನ್ನವೇ ಈ ಯಂತ್ರವನ್ನು ಹುಡುಕುತ್ತದೆ, ಆಸೆಗೆ ಕೊನೆಯಿಲ್ಲ, ಇಂದಿನ ಯುವಜನಾಂಗ ದಾರಿ ತಪ್ಪುತ್ತಿದೆ. ಇಷ್ಟೂ ಮಾತುಗಳು ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಹುಡುಗನೇ, “ಇರಲಿ ಬಿಡ್ರಿ ಮುತ್ಯಾ, ಕಂತಿನ ಮ್ಯಾಲೆ ಸಿಗತೈತಿ, ನಾ ಕೊಡಸ್ತೀನಿ” ಎಂದ.

ಆಗ ನಾವು ಕೇಳಿದೆವು: “ಅಲ್ಲಪ್ಪ, ನೀನು ಅಲ್ಲಿ ಮಾಡುವ ಕೆಲಸವಾದರೂ ಏನು?”

“ಸಣ್ಣ ಸ್ಕ್ರೂ ಕೂಡಸೋದ್ರಿ ಮುತ್ಯಾ. ಬೆಲ್ಟಿನ ಮ್ಯಾಲೆ ಒಂದರ ಹಿಂದ ಒಂದು ಬರ್ತಾವ್ರಿ. ನಿಂತು ಕೂಡಸಬೇಕು, ಮುಂದಕ್ಕ ಬಿಡಬೇಕು. ಅದ ಒಂದ ಕೆಲಸ.”

“ನಿನ್ನ ತಾಯಿ ಫೋನ್ ಮಾಡಿದರೆ ಎತ್ತುವುದೇ ಇಲ್ಲವಂತೆ?”

“ನಮ್ಮ ಫೋನು ಗೇಟಿನ್ಯಾಗ ಇಟ್ಟು ಒಳಗ ಹೋಗಬೇಕ್ರಿ. ಪಾಳಿ ಮುಗಿದ ಮ್ಯಾಲೆ ಕೊಡ್ತಾರ.”

ಮಗ ತನ್ನನ್ನು ಮರೆತಿದ್ದಾನೆಂದು ಎರಡು ವರ್ಷ ಒಳಗೊಳಗೇ ನೊಂದಿದ್ದ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾವು ಮುಂದೆಯೂ ಕೇಳಿದೆವು. ಅವನನ್ನು ನೇಮಿಸಿಕೊಂಡವನು ಗುತ್ತಿಗೆದಾರ. ಕೈಗೆ ಬರುವ ಸಂಬಳ ತಿಂಗಳಿಗೆ ಹದಿನಾರು ಸಾವಿರ. ಮೂರು ತಿಂಗಳಿನ ಓವರ್‌ಟೈಮ್ ಹಣ ಬಂದಿಲ್ಲ. “ಕೇಳಿದ್ರ ನಾಳಿಂದ ಬರಬ್ಯಾಡ ಅಂತಾರ್ರಿ” ಎಂದು ನಕ್ಕ. ಆ ನಗೆಯನ್ನು ನೋಡಿದ ಮೇಲೆ, ನಾಲಿಗೆಯ ತುದಿಯಲ್ಲಿದ್ದ ಉಪದೇಶವನ್ನು ನಾವು ನುಂಗಿಕೊಂಡೆವು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹಳೆಯ ಪತ್ರಿಕೆಗಳಲ್ಲಿ ಓದಿದ ನರಸಾಪುರದ ಪ್ರಕರಣ ನೆನಪಿಗೆ ಬಂತು. ಓದುಗರಿಗಾಗಿ ಅದನ್ನು ಸಂಕ್ಷೇಪವಾಗಿ ಹೇಳುವುದು ಉಚಿತ.

ಅಮೆರಿಕದ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರು ಐಫೋನನ್ನು ಜಗತ್ತಿಗೆ ತೋರಿಸಿದ್ದು 2007ರಲ್ಲಿ. ಫೋನನ್ನು ರೂಪಿಸುವುದು, ಮಾರುವುದು ಆ್ಯಪಲ್ ಸಂಸ್ಥೆಯ ಕೆಲಸ. ಜೋಡಿಸುವುದು ಗುತ್ತಿಗೆ ಪಡೆದ ಬೇರೆ ಕಂಪನಿಗಳ ಕೆಲಸ. ಪರದೆ, ಬ್ಯಾಟರಿ, ಕ್ಯಾಮೆರಾ, ಚಿಪ್ಪುಗಳು ನಾನಾ ದೇಶಗಳಿಂದ ಬಂದು ಒಂದು ಕಾರ್ಖಾನೆಯಲ್ಲಿ ಸೇರುತ್ತವೆ. ಅಲ್ಲಿ ಸಾವಿರಾರು ಕೈಗಳು ಅವನ್ನು ಒಂದಾಗಿಸುತ್ತವೆ. ಭಾರತದಲ್ಲಿ ಐಫೋನಿನ ಜೋಡಣೆ ಮೊದಲು ಆರಂಭವಾದದ್ದು ನಮ್ಮ ಕರ್ನಾಟಕದಲ್ಲಿಯೇ. 2017ರಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿಯು ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಎಸ್‌ಇ ಎಂಬ ಮಾದರಿಯನ್ನು ಜೋಡಿಸತೊಡಗಿತು. ಬಳಿಕ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯನ್ನು ತೆರೆಯಿತು.

ಕೋಲಾರವೆಂದರೆ ಚಿನ್ನದ ನಾಡು. ಅಲ್ಲಿನ ಗಣಿ 2001ರಲ್ಲಿ ಮುಚ್ಚಿತು. ನಮ್ಮ ಜಿಲ್ಲೆಯ ಹಟ್ಟಿಯಲ್ಲಿ ಮಾತ್ರ ಇಂದಿಗೂ ಜನರು ಪಾತಾಳಕ್ಕಿಳಿದು ಚಿನ್ನದ ಅದಿರನ್ನು ತೆಗೆಯುತ್ತಿದ್ದಾರೆ. ಪ್ರತಿಯೊಂದು ಫೋನಿನ ಒಳಗೂ ಮಿಲಿಗ್ರಾಂ ಲೆಕ್ಕದಲ್ಲಿ ಚಿನ್ನವಿರುತ್ತದೆ ಎಂಬುದು ಹಲವರಿಗೆ ತಿಳಿಯದು. ಗಣಿಯ ಕಾರ್ಮಿಕನ ಬೆವರಾಗಲಿ, ಜೋಡಣೆಯ ಸಾಲಿನಲ್ಲಿ ನಿಂತವರ ಬೆವರಾಗಲಿ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಆ ವಸ್ತುವಿನ ಮೇಲೆ ಕಾಣಿಸುವುದಿಲ್ಲ.

ನರಸಾಪುರದಲ್ಲಿ ಆ ಬೆವರು ಕಣ್ಣಿಗೆ ಬಿದ್ದದ್ದು 2020ರ ಡಿಸೆಂಬರ್ 12ರಂದು. ಸಂಬಳ ಸರಿಯಾಗಿ ಬಾರದೆ ರೊಚ್ಚಿಗೆದ್ದ ಕಾರ್ಮಿಕರು ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯ ಗಾಜುಗಳನ್ನು ಒಡೆದರು, ವಾಹನಗಳನ್ನು ಉರುಳಿಸಿದರು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ರಾಜ್ಯದ ಕಾರ್ಖಾನೆಗಳ ಇಲಾಖೆ ನಡೆಸಿದ ಪರಿಶೀಲನೆಯಲ್ಲಿ, ಸುಮಾರು 5,000 ಇದ್ದ ಕಾರ್ಮಿಕರ ಸಂಖ್ಯೆ ಅಲ್ಪಕಾಲದಲ್ಲಿ 10,500ಕ್ಕೆ ಏರಿದ್ದು, ಹಾಜರಾತಿ ಹಾಗೂ ವೇತನದ ಲೆಕ್ಕ ಅದಕ್ಕೆ ತಕ್ಕಂತೆ ಸರಿಯಾಗಿರಲಿಲ್ಲವೆಂದು ಕಂಡುಬಂತು. ಕೆಲವರಿಗೆ ಸಕಾಲದಲ್ಲಿ ಸರಿಯಾದ ಸಂಬಳ ಸಂದಿಲ್ಲವೆಂದು ವಿಸ್ಟ್ರಾನ್ ಒಪ್ಪಿಕೊಂಡು ಕ್ಷಮೆ ಕೇಳಿತು. ಹೊಣೆಗಾರನಾಗಿದ್ದ ಹಿರಿಯ ಅಧಿಕಾರಿಯನ್ನು ತೆಗೆದುಹಾಕಿತು. ಆ್ಯಪಲ್ ಸಂಸ್ಥೆಯೂ, ಲೋಪಗಳನ್ನು ತಿದ್ದಿಕೊಳ್ಳುವವರೆಗೆ ಹೊಸ ಕೆಲಸವನ್ನು ಕೊಡುವುದಿಲ್ಲವೆಂದು ಘೋಷಿಸಿತು.

ಹಿಂಸೆಯನ್ನು ನಾವು ಒಪ್ಪುವವರಲ್ಲ. ಗಾಜು ಒಡೆದ ಕೈ ತನ್ನ ಅನ್ನದ ಬಟ್ಟಲನ್ನೇ ಒಡೆದುಕೊಳ್ಳುತ್ತದೆ. ಆದರೂ ಒಂದು ಮಾತನ್ನು ಹೇಳಲೇಬೇಕು. ಸಂಬಳದ ಲೆಕ್ಕ ತಪ್ಪಾಗಿತ್ತೆಂಬುದು ಜಗತ್ತಿಗೆ ತಿಳಿದದ್ದು ಗಾಜು ಒಡೆದ ಮೇಲೆ. ಅದಕ್ಕೂ ಮೊದಲು ಆ ಮಕ್ಕಳು ಮೆಲುದನಿಯಲ್ಲಿ ಕೇಳಿದಾಗ ಯಾರಾದರೂ ಕಿವಿಗೊಟ್ಟಿದ್ದರೆ, ಅಷ್ಟೊಂದು ಮಂದಿ ತಾಯಂದಿರು ಠಾಣೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತಿರಲಿಲ್ಲ.

ಅನಂತರದ ವರ್ಷಗಳಲ್ಲಿ ಈ ಉದ್ಯಮ ಇನ್ನೂ ಬೆಳೆಯಿತು. 2023ರಲ್ಲಿ ನರಸಾಪುರದ ಕಾರ್ಖಾನೆಯನ್ನು ಕೊಳ್ಳಲು ಟಾಟಾ ಸಮೂಹ ಒಪ್ಪಂದ ಮಾಡಿಕೊಂಡಿತು. ಭಾರತೀಯ ಸಂಸ್ಥೆಯೊಂದು ಐಫೋನ್ ಜೋಡಿಸುವಂತಾದದ್ದು ಹೀಗೆ. 2025ರಲ್ಲಿ ತೈವಾನಿನ ಫಾಕ್ಸ್‌ಕಾನ್ ಕಂಪನಿಯ ದೇವನಹಳ್ಳಿ ಕಾರ್ಖಾನೆಯಲ್ಲಿಯೂ ಐಫೋನ್ 17ರ ಜೋಡಣೆ ಆರಂಭವಾಯಿತು. ಈ ನಡುವೆ, 2023ರಲ್ಲಿಯೇ, ಕಾರ್ಖಾನೆ ಕಾಯಿದೆಗೆ ನಮ್ಮ ರಾಜ್ಯದಲ್ಲಿ ತಿದ್ದುಪಡಿಯಾಗಿ, ವಾರಕ್ಕೆ 48 ಗಂಟೆಗಳ ಮಿತಿಯೊಳಗೆ ದಿನಕ್ಕೆ 12 ಗಂಟೆಗಳವರೆಗೆ ದುಡಿಸಿಕೊಳ್ಳಲು ಅವಕಾಶ ದೊರೆಯಿತು. ನಾಡಿನ ಮಕ್ಕಳಿಗೆ ಉದ್ಯೋಗ ಸಿಕ್ಕಿದ್ದು ಸಂತೋಷದ ಸಂಗತಿ; ಅದನ್ನು ಅಲ್ಲಗಳೆಯುವುದು ಅನ್ಯಾಯ. ನಮ್ಮ ಹುಡುಗ ದುಡಿಯದಿದ್ದರೆ ಅವನ ತಂಗಿಯ ಓದು ನಿಂತುಹೋಗುತ್ತಿತ್ತು. ಆದರೆ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಎಣಿಸುವವರು, ಆ ಕೆಲಸಕ್ಕೆ ತಕ್ಕ ಫಲ ಸಂದಿತೇ ಎಂದೂ ಎಣಿಸಬೇಕಲ್ಲವೇ?

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಊರೆಂದು ಪರಂಪರೆ ಹೇಳುವುದು ನಮ್ಮದೇ ಜಿಲ್ಲೆಯ, ಲಿಂಗಸುಗೂರು ತಾಲೂಕಿನ ಅಮರೇಶ್ವರವನ್ನು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ನಾವು ಯಾವಾಗಲೂ ಬಡವರ ಮುಂದೆ ಹೇಳುತ್ತ ಬಂದಿದ್ದೇವೆ: ಅತಿಯಾಸೆ ಬೇಡ, ಇದ್ದುದರಲ್ಲಿ ತೃಪ್ತಿಯಿರಲಿ ಎಂದು. ಆ ರಾತ್ರಿ ನಮಗೆ ಹೊಳೆದದ್ದು ಬೇರೊಂದು ಅರ್ಥ. ತನ್ನದಲ್ಲದ ಒಂದು ಹಿಡಿ ಅಕ್ಕಿ ಮನೆಯೊಳಗೆ ಬರಬಾರದೆಂಬುದು ನಿಜವಾದರೆ, ದುಡಿದವನ ಒಂದು ಹಿಡಿ ಅಕ್ಕಿ ಇನ್ನೊಬ್ಬರ ಮನೆಯಲ್ಲಿ ಉಳಿಯಬಾರದೆಂಬುದೂ ಅಷ್ಟೇ ನಿಜ. ಲಕ್ಕಮ್ಮನವರ ಅಳತೆ ಗುತ್ತಿಗೆದಾರನಿಗೂ ಸಲ್ಲುತ್ತದೆ, ಕಂಪನಿಗೂ ಸಲ್ಲುತ್ತದೆ.

ಕೊಳ್ಳುವವರ ವಿಷಯದಲ್ಲಿಯೂ ಈ ಅಳತೆ ಬೇಕು. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸುತ್ತಿದ್ದುದನ್ನು 2017ರ ಡಿಸೆಂಬರಿನಲ್ಲಿ ಆ್ಯಪಲ್ ಒಪ್ಪಿಕೊಂಡಿತು. ಫೋನು ತಟ್ಟನೆ ಆರಿಹೋಗದಿರಲೆಂದು ಹಾಗೆ ಮಾಡಿದ್ದಾಗಿ ಅದರ ವಿವರಣೆ. ಆದರೆ ಬ್ಯಾಟರಿ ಬದಲಿಸಿದರೆ ಸಾಕಾಗುತ್ತಿದ್ದಲ್ಲಿ, ಫೋನೇ ಹಾಳಾಯಿತೆಂದು ತಿಳಿದು ಹೊಸದನ್ನು ಕೊಂಡವರೆಷ್ಟೋ! ಸಂಸ್ಥೆ ಕ್ಷಮೆ ಕೇಳಿ ಬ್ಯಾಟರಿಯ ಬೆಲೆ ಇಳಿಸಿತು. 2020ರಲ್ಲಿ ಅಮೆರಿಕದ ಮೊಕದ್ದಮೆಯಲ್ಲಿ 50 ಕೋಟಿ ಡಾಲರುಗಳವರೆಗೆ ಪರಿಹಾರ ಕೊಡಲು ಒಪ್ಪಿತು. ಮಾಡಿದ್ದನ್ನು ಮೊದಲೇ ಹೇಳಿದ್ದರೆ ಕ್ಷಮೆ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಗುಣವನ್ನು ಹೇಳದೆ ದೋಷವನ್ನಷ್ಟೇ ಹೇಳುವುದು ಧರ್ಮವಲ್ಲ. 2019ರ ಹೊತ್ತಿಗೆ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಆ್ಯಪಲ್ ತನ್ನ ಫೋನಿನಲ್ಲಿ ಕೀಲಿಮಣೆ ಒದಗಿಸಿತು. 2024ರಲ್ಲಿ ಫೋನಿನ ಮುಖದ ಗಡಿಯಾರದಲ್ಲಿ ಕನ್ನಡದ ಅಂಕಿಗಳೂ ಬಂದವು. ಮನೆಗೆ ಬಂದ ಅತಿಥಿಯೊಬ್ಬರ ಫೋನಿನಲ್ಲಿ ಅವನ್ನು ಕಂಡು ನಾವು ಮಗುವಿನಂತೆ ಹಿಗ್ಗಿದ್ದುಂಟು. ದಿನಕ್ಕೆ ಎಷ್ಟು ಹೊತ್ತು ಪರದೆಯನ್ನು ನೋಡಿದೆವೆಂಬ ಲೆಕ್ಕವನ್ನು ಕೂಡ 2018ರಿಂದ ಆ ಫೋನೇ ತೋರಿಸುತ್ತದೆ. ನೋಡುವವನ ಹೊತ್ತನ್ನು ಇಷ್ಟು ನಿಖರವಾಗಿ ಎಣಿಸಬಲ್ಲ ಕಾಲದಲ್ಲಿ, ದುಡಿಯುವವನ ಹೊತ್ತಿನ ಲೆಕ್ಕ ತಪ್ಪುವುದಾದರೂ ಹೇಗೆ ಎಂಬುದೇ ನಮ್ಮ ಪ್ರಶ್ನೆ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ನಾವು ಹುಡುಗನನ್ನು ಕರೆದು ಕೂಡಿಸಿಕೊಂಡೆವು. ಅವನು ದುಡಿದ ದಿನಗಳು, ಹೆಚ್ಚಿನ ಗಂಟೆಗಳು, ಬಂದ ಹಣ, ಬಾರದ ಹಣ ಎಲ್ಲವನ್ನೂ ಬರೆದುಕೊಂಡು, ಗುತ್ತಿಗೆದಾರನಿಗೊಂದು ಅರ್ಜಿ, ಅದರ ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕೊಡಲು ಇನ್ನೊಂದನ್ನು ನಮ್ಮ ಕೈಯಾರೆ ಬರೆದುಕೊಟ್ಟೆವು. ಇಷ್ಟು ವರ್ಷ ಕಲಿತ ವ್ಯಾಕರಣ ಅಂದು ಒಂದು ಕೆಲಸಕ್ಕೆ ಬಂತೆನಿಸಿತು. ಹುಡುಗಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. “ಅಣ್ಣಾ, ಆ ಫೋನಿಗೆ ನೀ ಐದು ತಿಂಗಳು ದುಡೀಬೇಕಲ್ಲ?” ಎಂದು ಕೇಳಿದಳು. ಅವನು, “ಐದರ ಮ್ಯಾಲೆ ಸ್ವಲ್ಪ” ಎಂದ. ಆಕೆ ಮತ್ತೇನೂ ಆಡಲಿಲ್ಲ. ಅವನು ಹೊರಡುವ ದಿನ, ತನಗೆ ಹದಿಮೂರು ಸಾವಿರದ ಫೋನೇ ಸಾಕೆಂದು ತಾಯಿಯ ಮುಂದೆ ಹೇಳಿದಳಂತೆ. ನಾವು ಆಕೆಗೆ ಬುದ್ಧಿ ಹೇಳಬೇಕಾಗಿಯೇ ಬರಲಿಲ್ಲ.

ಮೂರು ತಿಂಗಳ ಬಾಕಿಯಲ್ಲಿ ಎರಡು ತಿಂಗಳಿನದು ಬಂದಿದೆ. ಇನ್ನೊಂದು ತಿಂಗಳಿನದಕ್ಕೆ ಎರಡನೆಯ ಅರ್ಜಿ ಬರೆದಿದ್ದೇವೆ.

ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ, ನಿಮ್ಮ ಓಣಿಯ ಮಕ್ಕಳು ದೂರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರೆ, ಹಬ್ಬಕ್ಕೆ ಬಂದಾಗ ‘ಎಷ್ಟು ಕಳಿಸುತ್ತೀ’ ಎಂದು ಕೇಳುವ ಮೊದಲು ‘ಎಷ್ಟು ಹೊತ್ತು ನಿಲ್ಲುತ್ತೀ, ನಿನ್ನ ಹಣ ನಿನಗೆ ಸಂದಿತೇ’ ಎಂದು ಕೇಳಿರಿ. ಕಾಯಕದ ಮೇಲೆ ಗೋಷ್ಠಿ ನಡೆಸುವಾಗ ನಮ್ಮಂಥ ಮಾತುಗಾರರ ಜೊತೆಗೆ ಅಂಥ ಮಗುವನ್ನೂ ವೇದಿಕೆಗೆ ಕರೆಯಿರಿ. ಹೊಸ ಫೋನ್ ಕೊಳ್ಳುವುದಕ್ಕೆ ಮುಂಚೆ ಹಳೆಯದಕ್ಕೆ ಬ್ಯಾಟರಿ ಬದಲಿಸಿದರೆ ಸಾಕೇ ಎಂದು ವಿಚಾರಿಸಿರಿ. ಕೊಂಡರೆ, ಅದರ ಒಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂವನ್ನು ಯಾರೋ ತಾಯಿಯ ಮಗ ನಿಂತು ಕೂಡಿಸಿದ್ದಾನೆಂಬುದನ್ನು ನೆನೆಯಿರಿ.

ಹೋಗುವಾಗ ಹುಡುಗ ತನ್ನ ಹಳೆಯ ಫೋನನ್ನು ನಮಗೆ ಕೊಟ್ಟು, ಕನ್ನಡದಲ್ಲಿ ಬರೆಯುವುದನ್ನು ಕಲಿಸಿ ಹೋಗಿದ್ದಾನೆ. ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಪ್ರತಿದಿನ ಬೆಳಿಗ್ಗೆ ಅವನಿಗೆ ಒಂದು ಸಾಲು ಬರೆಯುತ್ತೇವೆ: ಪ್ರಸಾದವಾಯಿತೇ ಎಂದು. ಉತ್ತರ ಬರುವುದು ಕತ್ತಲಾದ ಮೇಲೆ, ಅವನು ಗೇಟಿನಲ್ಲಿ ತನ್ನ ಫೋನನ್ನು ತಿರುಗಿ ಪಡೆದಾಗ. ಅಲ್ಲಿಯವರೆಗೆ ಅವನ ತಾಯಿಯೂ ನಾವೂ ಕಾಯುತ್ತೇವೆ. ಈಗ ಆ ತಾಯಿ ನೊಂದುಕೊಳ್ಳುವುದಿಲ್ಲ.