ಹೇಳಿಬಿಡಬಾರದೇನೇ ಹುಡುಗಿ!

ಕಳೆದ ಬೇಸಿಗೆ ರಜೆಗೆ ಮೊಮ್ಮಗಳು ಮೈಸೂರಿಗೆ ಬಂದಾಗ ಅವಳ ಚೀಲದಲ್ಲಿ ಬಟ್ಟೆಗಿಂತ ಪುಸ್ತಕಗಳೇ ಹೆಚ್ಚಾಗಿದ್ದವು. "ಏನು ಪುಟ್ಟಿ ಇವೆಲ್ಲ?" ಎಂದೆ. "ಮಾಂಗಾ, ತಾತ" ಎಂದಳು. ನನ್ನ ಕಿವಿಗೆ 'ಮಂಗ' ಎಂದು ಕೇಳಿಸಿತು. ಕೋತಿಯ ಕಥೆ ಇರಬೇಕೆಂದು ಕನ್ನಡಕ ಏರಿಸಿ ಒಂದನ್ನು ತೆರೆದರೆ, ಮೊದಲ ಪುಟದಲ್ಲೇ ಕಥೆ ಮುಗಿದುಹೋಗಿತ್ತು! ಅವಳು ಬಿದ್ದು ಬಿದ್ದು ನಕ್ಕು ಪುಸ್ತಕವನ್ನು ತಿರುಗಿಸಿ ಕೊಟ್ಟಳು. ಜಪಾನಿನ ಈ ಚಿತ್ರಕಥೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇಂಗ್ಲಿಷಿಗೆ ಬಂದ ಮೇಲೂ ಹಾಗೆಯೇ ಅಚ್ಚು ಹಾಕುತ್ತಾರೆ.

ಆ ಪುಸ್ತಕದ ಹೆಸರು 'ಕಿಮಿ ನಿ ತೊದೊಕೆ'. 'ನಿನ್ನನ್ನು ತಲುಪಲಿ' ಎಂಬಂಥ ಅರ್ಥ. ಬರೆದು ಚಿತ್ರಿಸಿದವರು ಕರುಹೊ ಶೀನಾ. ಒಂದು ಮಾಸಪತ್ರಿಕೆಯಲ್ಲಿ 2017ರವರೆಗೆ ಧಾರಾವಾಹಿಯಾಗಿ ಬಂದು ಒಟ್ಟು 30 ಸಂಪುಟಗಳಾದವು. ಮಧ್ಯಾಹ್ನದ ನಿದ್ದೆ ಬಿಟ್ಟು ನಾನೂ ಓದಲು ಕುಳಿತೆ.

ಕಥೆಯ ಹುಡುಗಿ ಸವಾಕೊ. ಉದ್ದನೆಯ ಕಪ್ಪು ಕೂದಲು, ಬಿಳಿಚಿಕೊಂಡ ಮುಖ. ತರಗತಿಯವರು ಅವಳನ್ನು ಒಂದು ಭಯಾನಕ ಸಿನಿಮಾದ ದೆವ್ವದ ಹೆಸರಿನಿಂದ 'ಸದಾಕೊ' ಎಂದು ಕರೆದು ದೂರ ಸರಿಯುತ್ತಾರೆ. ಪಾಪ, ಅವಳೋ ಯಾರಿಗಾದರೂ ಉಪಕಾರ ಮಾಡಲು ಕಾಯುವವಳು. ಎಲ್ಲರಿಗೂ ಬೇಕಾದ ಹುಡುಗ ಕಜೆಹಾಯ ಮಾತ್ರ ಅವಳೊಡನೆ ನಗುತ್ತಾ ಮಾತಾಡುತ್ತಾನೆ. ಶಾಲೆಗೆ ಸೇರುವ ದಿನ ದಾರಿ ತಪ್ಪಿದ್ದ ಅವನಿಗೆ ದಾರಿ ತೋರಿಸಿದವಳು ಅವಳೇ. ಅಂದಿನಿಂದಲೇ ಅವನಿಗೆ ಅವಳೆಂದರೆ ಇಷ್ಟ.

ಇಷ್ಟು ಓದುವಷ್ಟರಲ್ಲಿ ನಾನು ಕಥೆ ಮುಗಿಯಿತೆಂದುಕೊಂಡೆ. ಅವನಿಗೆ ಅವಳು ಇಷ್ಟ, ಅವಳಿಗೂ ಅವನು ಇಷ್ಟ. ಇನ್ನೇನು ಬಾಕಿ? ಬಾಕಿ ಇದ್ದದ್ದು ಹೇಳುವುದೊಂದೇ! ಅದನ್ನೇ ಇಬ್ಬರೂ ಮಾಡುವುದಿಲ್ಲ. 'ಅವನು ಎಲ್ಲರಿಗೂ ಒಳ್ಳೆಯವನು, ನನ್ನ ಮೇಲೆ ವಿಶೇಷವೇನೂ ಇಲ್ಲ' ಎಂದು ಇವಳು. 'ನಾನೆಂದರೆ ಅವಳಿಗೆ ಸಂಕೋಚ, ತೊಂದರೆ ಕೊಡಬಾರದು' ಎಂದು ಅವನು. ಜಪಾನಿನಲ್ಲಿ ಫೆಬ್ರವರಿ 14ರಂದು ಹುಡುಗಿಯರು ಹುಡುಗರಿಗೆ ಚಾಕೊಲೇಟ್ ಕೊಡುವ ರೂಢಿ. ಸವಾಕೊ ಅಕ್ಕರೆಯಿಂದ ಚಾಕೊಲೇಟ್ ಮಾಡುತ್ತಾಳೆ. ಬೇರೆಯವರಿಗೆ ಕೊಡುತ್ತಾಳೆ. ಅವನಿಗೆಂದು ಮಾಡಿದ್ದನ್ನು ಮಾತ್ರ ಕೊಡಲಾರದೆ ಮನೆಗೆ ವಾಪಸು ತರುತ್ತಾಳೆ! ನಾನು ಪುಸ್ತಕವನ್ನು ಟೀಪಾಯಿ ಮೇಲೆ ಕುಕ್ಕಿ, "ಹೇಳಿಬಿಡಬಾರದೇನೇ ಹುಡುಗಿ!" ಎಂದು ಕೂಗಿಬಿಟ್ಟೆ. ಅಡುಗೆಮನೆಯಿಂದ ನಮ್ಮವಳು, "ಯಾರಿಗ್ರೀ ಬೈತಿರೋದು?" ಎಂದು ಹೊರಗೆ ಬಂದಳು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಹತ್ತರವರೆಗೆ ಕೂತು ಹುಡುಕಿದ್ದಿದೆ. ಯಾವ ಲೆಕ್ಕಕ್ಕೆ ಸೇರಬೇಕೆಂದು ತಿಳಿಯದ ಮೊತ್ತವನ್ನು 'ಸಸ್ಪೆನ್ಸ್ ಅಕೌಂಟ್' ಎಂಬ ಖಾತೆಯಲ್ಲಿ ಇಡುತ್ತಿದ್ದೆವು. ಅದು ತಾತ್ಕಾಲಿಕ. ವಿಚಾರಿಸಿ ಆದಷ್ಟು ಬೇಗ ಸರಿಪಡಿಸಬೇಕು. ಈ ಮಕ್ಕಳು ಮನಸ್ಸನ್ನೆಲ್ಲ ಸಸ್ಪೆನ್ಸ್ ಖಾತೆಯಲ್ಲೇ ಇಟ್ಟು ಸಂಪುಟದ ಮೇಲೆ ಸಂಪುಟ ಕಳೆಯುತ್ತಾರಲ್ಲ ಎಂದು ನನ್ನ ಸಿಟ್ಟು.

"ಅವಳಿಗೆ ಭಯ ತಾತ" ಎಂದಳು ಮೊಮ್ಮಗಳು. "ಎಲ್ರೂ ಅವಳನ್ನ ದೂರ ಇಟ್ಟಿದ್ರು. ತನ್ನನ್ನೂ ಒಬ್ರು ಇಷ್ಟಪಡ್ತಾರೆ ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು?"

"ಕೇಳಿದರೆ ಗೊತ್ತಾಗುತ್ತೆ."

"ಹಾಗಾದ್ರೆ ಹಾಸನದ ದೊಡ್ಡ ತಾತ ನಮ್ಮ ಮನೆಗೆ ಯಾಕೆ ಬರಲ್ಲ? ನೀವು ಕೇಳಿದೀರಾ?"

ನನಗೆ ಮಾತು ಹೊರಡಲಿಲ್ಲ. 1992ರ ಏಪ್ರಿಲ್‌ನಲ್ಲಿ ನಮ್ಮ ಗೃಹಪ್ರವೇಶ. ಅಣ್ಣ, ಅತ್ತಿಗೆ ಬರಲಿಲ್ಲ. ತಮ್ಮ ಮನೆ ಕಟ್ಟಿದ್ದು ಅಣ್ಣನಿಗೆ ಸಹಿಸಲಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡೆ. ಆಮೇಲೆ ಯುಗಾದಿಗೊಮ್ಮೆ ಫೋನು, ಮದುವೆ ಮನೆಯಲ್ಲಿ "ಹೇಗಿದ್ದೀಯ, ಚೆನ್ನಾಗಿದ್ದೀನಿ", ಅಷ್ಟೇ. ಅವರ ಮನೆಯಲ್ಲಿದ್ದುಕೊಂಡೇ ನಾನು ಬಿ.ಕಾಂ. ಮುಗಿಸಿದ್ದು. ಮೂರು ವರ್ಷ ಅತ್ತಿಗೆ ಬೆಳಿಗ್ಗೆ ಎದ್ದು ನನಗೆ ಬುತ್ತಿ ಕಟ್ಟಿಕೊಟ್ಟಿದ್ದರು.

ಅಂದು ಸಂಜೆ ಹಾಸನಕ್ಕೆ ಫೋನು ಮಾಡಿದೆ. ಅಣ್ಣನಿಗೀಗ 81. ಸುತ್ತಿಬಳಸದೆ ಕೇಳಿದೆ. ಆ ಕಡೆ ಬಹಳ ಹೊತ್ತು ಮೌನ.

"ನೀನು ಅಂಚೆಯಲ್ಲಿ ಪತ್ರಿಕೆ ಕಳಿಸಿದ್ದೆಯಲ್ಲೋ. ಒಡಹುಟ್ಟಿದವನನ್ನ ಮನೆಗೆ ಬಂದು, ಕುಂಕುಮ ಅಕ್ಷತೆ ಕೊಟ್ಟು ಕರೆಯೋದಲ್ವಾ? ನಾವು ಬರೋದು ನಿನಗೆ ಬೇಕಾಗಿಲ್ಲ ಅಂದ್ಕೊಂಡೆ. ನಿಮ್ಮತ್ತಿಗೆ, ಹೋಗೋಣ, ಹುಡುಗ ಕೆಲಸದಲ್ಲಿ ಮರೆತಿರ್ತಾನೆ ಅಂತಲೇ ಅಂದಳು."

ಮರೆತಿರಲಿಲ್ಲ. ಮಾರ್ಚ್ ಕೊನೆ, ಬ್ಯಾಂಕಿನ ವರ್ಷಾಂತ್ಯದ ಲೆಕ್ಕ, ರಜೆ ಸಿಗಲಿಲ್ಲ. ಅದನ್ನು ಪತ್ರಿಕೆಯ ಜೊತೆ ಎರಡು ಸಾಲು ಬರೆದು ಹಾಕಿದ್ದರೆ ಸಾಕಿತ್ತು. ಅತ್ತಿಗೆ ತೀರಿಕೊಂಡು ಮೂರು ವರ್ಷವಾಯಿತು. ಅವರು ನಮ್ಮ ಮನೆಯ ಹೊಸ್ತಿಲು ತುಳಿಯಲೇ ಇಲ್ಲ. ಈ ಲೆಕ್ಕ ಇನ್ನು ಯಾವ ಪುಸ್ತಕದಲ್ಲೂ ಸರಿಹೋಗುವುದಿಲ್ಲ.

ಮೊಮ್ಮಗಳು ಬೆರಳು ಮಡಚಿ ಎಣಿಸಿದಳು. "33 ವರ್ಷ! ತಾತ, ಸವಾಕೊಗೆ ಇಡೀ ಕಥೆಗೆ 30 ಸಂಪುಟ ಸಾಕಾಯ್ತು."

ಮರುದಿನವೇ ನಾವಿಬ್ಬರೂ ಹಾಸನದ ಬಸ್ಸು ಹತ್ತಿದೆವು. ಕುಂಕುಮದ ಭರಣಿ, ಅಕ್ಷತೆ ಚೀಲದಲ್ಲಿದ್ದವು. ಅಣ್ಣನ ಕಾಲಿಗೆ ನಮಸ್ಕರಿಸಿ, "ಗೃಹಪ್ರವೇಶಕ್ಕೆ ಬಾರಣ್ಣ" ಎಂದೆ. ಅವನು ನಗಲು ಹೋಗಿ ಕಣ್ಣು ಒರೆಸಿಕೊಂಡ. ಜೂನ್‌ನಲ್ಲಿ ಬಂದು ನಾಲ್ಕು ದಿನ ಇದ್ದು ಹೋದ.

ಮಕ್ಕಳೇ, ಸವಾಕೊ ಕೊನೆಗೂ ಹೇಳುತ್ತಾಳೆ. ಎಲ್ಲಿ, ಹೇಗೆ ಎಂದು ನಾನು ಹೇಳುವುದಿಲ್ಲ, ಓದಿಕೊಳ್ಳಿ. ನಾನಂತೂ ಈಗ ಅವಳನ್ನು ಬೈಯುವುದು ಬಿಟ್ಟಿದ್ದೇನೆ.